ಎಲೆಯ ಮಾತಿಗೆ ಎಲೆಯೇ ಅಡ್ಡ ಬಂದಾಗ

ಇಸ್ಪೀಟಿನ ಎಲೆಗಳು ಮೂಕ. ರಾಣಿಗಿಂತ ರಾಜ ಮೇಲು, ತುರುಫಿನ ಎರಡು ಕೂಡ ಬೇರೆ ಬಣ್ಣದ ಎಕ್ಕವನ್ನು ಹೊಡೆಯಬಲ್ಲದು ಎಂಬುದೆಲ್ಲ ಆಡುವವರ ನೆನಪಿನಲ್ಲಿದೆಯೇ ಹೊರತು ಎಲೆಯ ಮೇಲೆ ಬರೆದಿರುವುದಿಲ್ಲ. 1993ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ ಈ ಪದ್ಧತಿಯನ್ನು ತಲೆಕೆಳಗು ಮಾಡಿತು. ಅದರ ಎಲೆಗಳಿಗೆ ಮಾತು ಬರುತ್ತದೆ. ಪ್ರತಿಯೊಂದರ ಕೆಳಗೂ ಎರಡು ಮೂರು ಸಾಲು ಅಚ್ಚಾಗಿರುತ್ತದೆ. ಆ ಸಾಲುಗಳೇ ಆಟದ ಕಾನೂನು. ಎರಡು ಎಲೆಗಳು ಒಂದಕ್ಕೊಂದು ವಿರುದ್ಧವಾಗಿ ಮಾತನಾಡಿದರೆ ಯಾವುದರ ಮಾತು ನಡೆಯಬೇಕು ಎಂಬ ಪ್ರಶ್ನೆ ಆಟದ ಜೊತೆಗೇ ಹುಟ್ಟಿತು.

ಇದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದ ಮನುಷ್ಯ. ಪ್ರಕಟಿಸಿದ್ದು ಸಿಯಾಟಲ್ ಸಮೀಪದ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಪುಟ್ಟ ಕಂಪನಿ. ಆಡುವವರಿಬ್ಬರೂ ಮಾಂತ್ರಿಕರು, ತಲಾ ಇಪ್ಪತ್ತು ಅಂಕದ ಆಯುಸ್ಸು, ಎದುರಾಳಿಯ ಆಯುಸ್ಸನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ. ಆದರೆ ಎಲೆಗಳ ಕಟ್ಟು ಇಬ್ಬರಿಗೂ ಒಂದೇ ಅಲ್ಲ. ಅಂಗಡಿಯಲ್ಲಿ ಕೊಂಡ, ಗೆಳೆಯರೊಡನೆ ಅದಲು ಬದಲು ಮಾಡಿಕೊಂಡ ಎಲೆಗಳಿಂದ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರಬೇಕು. ಇಂದು ಅಂಥ ಎಲೆಗಳ ಬಗೆ ಇಪ್ಪತ್ತೈದು ಸಾವಿರವನ್ನು ಮೀರಿದೆ. ಬರೆದವರ ಕನಸಿನಲ್ಲೂ ಸುಳಿಯದ ಎರಡು ಎಲೆಗಳು ಯಾವುದೋ ಊರಿನ ಮೇಜಿನ ಮೇಲೆ ಮುಖಾಮುಖಿಯಾಗುವುದು ಇಲ್ಲಿ ನಿತ್ಯದ ಸಂಗತಿ.

ಮಾತು ಎಷ್ಟು ಜಾರುವಂಥದು ಎಂಬುದು ಆಟ ಮಾರುಕಟ್ಟೆಗೆ ಬರುವ ಮೊದಲೇ ಗೊತ್ತಾಗಿತ್ತು. ಪರೀಕ್ಷೆಗಾಗಿ ಮಾಡಿದ ಒಂದು ಎಲೆಯಲ್ಲಿ, ಎದುರಾಳಿ ತನ್ನ ಮುಂದಿನ ಸರದಿಯನ್ನು ಕಳೆದುಕೊಳ್ಳುತ್ತಾನೆ ಎಂಬರ್ಥದ ನಾಲ್ಕು ಇಂಗ್ಲಿಷ್ ಪದಗಳಿದ್ದವು. ಇಂಗ್ಲಿಷಿನಲ್ಲಿ ಕಳೆದುಕೊಳ್ಳುವುದಕ್ಕೂ ಸೋಲುವುದಕ್ಕೂ ಒಂದೇ ಕ್ರಿಯಾಪದ. ಆ ಎಲೆ ಹಿಡಿದವನೊಬ್ಬ ‘ಎದುರಾಳಿ ಮುಂದಿನ ಸರದಿಯಲ್ಲಿ ಸೋಲುತ್ತಾನೆ’ ಎಂದು ಓದಿಕೊಂಡು, ಇದಿದ್ದರೆ ಗೆಲುವು ಖಂಡಿತ ಎಂದು ಗಾರ್ಫೀಲ್ಡ್‌ಗೆ ವರದಿ ಒಪ್ಪಿಸಿದ. ‘ಟೈಮ್ ವಾಕ್’ ಎಂಬ ಹೆಸರಿನಿಂದ ಅದು ಅಚ್ಚಾದಾಗ, ಆಡಿದವನಿಗೆ ಇನ್ನೊಂದು ಸರದಿ ಸಿಗುತ್ತದೆ ಎಂದು ಮಾತನ್ನೇ ತಿರುಗಿಸಲಾಗಿತ್ತು.

ಮನೆಯ ಜಗಲಿಯಲ್ಲಿ ಆಡುವಾಗ ಇಂಥ ತಕರಾರು ನಗೆಯಲ್ಲಿ ಮುಗಿಯುತ್ತದೆ. 1996ರಲ್ಲಿ ನಗದು ಬಹುಮಾನದ ಪ್ರೊ ಟೂರ್ ಪಂದ್ಯಗಳು ಆರಂಭವಾದ ಮೇಲೆ ನಗು ಸಾಲದಾಯಿತು. ಒಂದು ಸಾಲಿನ ಅರ್ಥದ ಮೇಲೆ ಹಣ ನಿಂತಿತ್ತು. ಆಗಿನ ನಿಯಮಗಳೋ ಗೋಜಲು. ‘ಇಂಟರಪ್ಟ್’ ಎಂಬ ಬೇರೆಯೇ ಜಾತಿಯ ಎಲೆಗಳಿದ್ದವು. ಇತರ ಮಂತ್ರಗಳ ನಡುವೆ ನುಗ್ಗುವ ಹಕ್ಕು ಅವಕ್ಕಿತ್ತು, ಅವನ್ನು ತಡೆಯಲು ಅದೇ ಜಾತಿಯ ಇನ್ನೊಂದು ಎಲೆಯೇ ಬೇಕಿತ್ತು. 1999ರ ಆರನೆಯ ಆವೃತ್ತಿ ಈ ಜಾತಿಯನ್ನು ತೆಗೆದುಹಾಕಿ ‘ಸ್ಟ್ಯಾಕ್’ ಎಂಬ ವ್ಯವಸ್ಥೆಯನ್ನು ತಂದಿತು.

ಮದುವೆಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳನ್ನು ನೆನೆದರೆ ಇದು ತಿಳಿಯುತ್ತದೆ. ಕೊನೆಗೆ ಇಟ್ಟ ತಟ್ಟೆ ಮೊದಲು ಕೈಗೆ ಬರುತ್ತದೆ. ಒಬ್ಬನ ಬಳಿ ಒಂದು ಕರಡಿ ಇದೆ ಎನ್ನೋಣ. ಅದರ ಬಲ 2, ತಾಳಿಕೆ 2. ಎದುರಾಳಿ ‘ಲೈಟ್ನಿಂಗ್ ಬೋಲ್ಟ್’ ಎಸೆಯುತ್ತಾನೆ. ಅದು 3 ಅಂಕದ ಪೆಟ್ಟು ಕೊಡುವ ಸಿಡಿಲು. ಸಿಡಿಲು ಬಡಿಯುವ ಮುನ್ನ ಕರಡಿಯ ಒಡೆಯ ಉತ್ತರವಾಗಿ ‘ಜೈಂಟ್ ಗ್ರೋತ್’ ಇಡುತ್ತಾನೆ. ಇದು ಆ ಸರದಿಯ ಮಟ್ಟಿಗೆ ಬಲವನ್ನೂ ತಾಳಿಕೆಯನ್ನೂ ಮೂರು ಮೂರು ಏರಿಸುತ್ತದೆ. ಕೊನೆಗೆ ಇಟ್ಟದ್ದು ಮೊದಲು ಫಲಿಸುವುದರಿಂದ ಕರಡಿಯ ತಾಳಿಕೆ 5 ಆಗುತ್ತದೆ; ಆಮೇಲೆ ಬಡಿದ ಸಿಡಿಲು ಅದನ್ನು ಕೊಲ್ಲಲಾರದು. ಈಗ ಕ್ರಮ ಬದಲಿಸಿ ನೋಡಿ. ಒಡೆಯ ಆತುರಪಟ್ಟು ಕರಡಿಯನ್ನು ಬೆಳೆಸುವ ಎಲೆಯನ್ನೇ ಮೊದಲು ಇಡುತ್ತಾನೆ. ಎದುರಾಳಿ ಉತ್ತರವಾಗಿ ಸಿಡಿಲೆಸೆಯುತ್ತಾನೆ. ಸಿಡಿಲು ಮೊದಲು ಫಲಿಸಿ, ಇನ್ನೂ 2 ತಾಳಿಕೆಯಲ್ಲೇ ಇರುವ ಕರಡಿ ಸಾಯುತ್ತದೆ. ಬೆಳೆಸುವ ಮಂತ್ರಕ್ಕೆ ಬೆಳೆಸಲು ಯಾರೂ ಉಳಿದಿರುವುದಿಲ್ಲ. ಅದೇ ಎರಡು ಎಲೆ, ಅದೇ ಕರಡಿ. ಬಾಯಿ ಬಿಗಿಹಿಡಿದು ಕಾದವನಿಗೆ ಲಾಭ.

ನಿಯಮಪುಸ್ತಕವೂ ಎಲೆಯೂ ಭಿನ್ನವಾಗಿ ಹೇಳಿದರೆ ಎಲೆಯದೇ ಮೇಲುಗೈ. ಆದರೆ ಒಂದು ಎಲೆ ‘ಮಾಡಬಹುದು’ ಎಂದು, ಇನ್ನೊಂದು ‘ಮಾಡಲಾಗದು’ ಎಂದು ಹೇಳಿದರೆ ನಿಷೇಧವೇ ಗೆಲ್ಲುತ್ತದೆ. 2003ರ ‘ಪ್ಲಾಟಿನಮ್ ಏಂಜಲ್’ ಎಂಬ ದೇವತೆ ಮೇಜಿನ ಮೇಲಿರುವಷ್ಟು ಹೊತ್ತು ಅದರ ಒಡೆಯ ಸೋಲಲಾರ. ಆಯುಸ್ಸು ಸೊನ್ನೆಗಿಂತ ಕೆಳಗಿಳಿದರೂ ಆಡುತ್ತಲೇ ಇರುತ್ತಾನೆ; ದೇವತೆ ನಾಶವಾಯಿತೋ, ಆ ಕ್ಷಣವೇ ಅವನ ಕಥೆ ಮುಗಿಯಿತು. ಎಲೆಗಳ ಈ ಪಾರಮ್ಯಕ್ಕೆ ನಿಯಮಪುಸ್ತಕ ಒಂದೇ ಒಂದು ವಿನಾಯಿತಿ ಇಟ್ಟಿದೆ: ಆಟಗಾರ ತಾನಾಗಿ ಸೋಲೊಪ್ಪಿ ಏಳುವುದನ್ನು ಯಾವ ಎಲೆಯೂ ತಡೆಯುವಂತಿಲ್ಲ.

ನಿಜವಾದ ಕಗ್ಗಂಟು ಇರುವುದು ಒಮ್ಮೆ ಫಲಿಸಿ ಮುಗಿಯದೆ, ಮೇಜಿನ ಮೇಲೆ ನೆಲೆನಿಂತು ಕೆಲಸ ಮಾಡುವ ಮೋಡಿಯ ಎಲೆಗಳಲ್ಲಿ. 1997ರ ‘ಹ್ಯುಮಿಲಿಟಿ’ ಹೇಳುವುದು: ಎಲ್ಲ ಜೀವಿಗಳೂ ತಮ್ಮ ವಿಶೇಷ ಶಕ್ತಿಗಳನ್ನು ಕಳೆದುಕೊಂಡು 1 ಬಲ, 1 ತಾಳಿಕೆಗೆ ಇಳಿಯಲಿ. 1999ರ ‘ಒಪಲೆಸೆನ್ಸ್’ ಹೇಳುವುದು: ತನ್ನ ಹೊರತು ಇತರ ಮೋಡಿಗಳು ಜೀವಿಗಳಾಗಲಿ, ಅವುಗಳ ಬಲವೂ ತಾಳಿಕೆಯೂ ಎಲೆಯ ಬೆಲೆಗೆ ಸಮನಾಗಲಿ. ಹ್ಯುಮಿಲಿಟಿಯೂ ಒಂದು ಮೋಡಿ. ಅದರ ಬೆಲೆ ನಾಲ್ಕು. ಎರಡೂ ಒಟ್ಟಿಗೆ ಬಂದರೆ ಹ್ಯುಮಿಲಿಟಿಯೇ ಜೀವಿಯಾಗಿ, ಜೀವಿಯಾದ್ದರಿಂದ ಶಕ್ತಿ ಕಳೆದುಕೊಂಡು, ಶಕ್ತಿ ಕಳೆಯುವ ಶಕ್ತಿಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಹಾಗೆ. ಹಾಗಾದರೆ ಉಳಿದವುಗಳ ಶಕ್ತಿ ಮರಳಿತೇ?

ಇದನ್ನು ಬಿಡಿಸಲು ನಿಯಮಪುಸ್ತಕ ಏಳು ಪದರಗಳನ್ನು ಮಾಡಿದೆ. ಎಲ್ಲ ಪರಿಣಾಮಗಳನ್ನೂ ಒಂದೇ ಏಟಿಗೆ ಲೆಕ್ಕ ಹಾಕುವಂತಿಲ್ಲ. ಒಂದೊಂದೇ ಪದರವಾಗಿ ಇಳಿಯಬೇಕು. ನಾಲ್ಕನೆಯ ಪದರ ಎಲೆಯ ಬಗೆಯನ್ನು ಕುರಿತದ್ದು: ಅಲ್ಲಿ ಹ್ಯುಮಿಲಿಟಿ ಜೀವಿಯಾಗುತ್ತದೆ. ಆರನೆಯದು ಶಕ್ತಿಗಳದು: ಅಲ್ಲಿ ಅದು ಎಲ್ಲರ ಶಕ್ತಿಯನ್ನೂ, ತನ್ನದನ್ನೂ ಕಳೆಯುತ್ತದೆ. ಆದರೆ ಒಂದು ಪದರದಲ್ಲಿ ಕೆಲಸ ಆರಂಭಿಸಿದ ಪರಿಣಾಮ, ನಡುವೆ ಅದರ ಮೂಲವೇ ಬತ್ತಿದರೂ, ಮುಂದಿನ ಪದರಗಳಲ್ಲಿ ಕೊನೆಯವರೆಗೆ ನಡೆಯುತ್ತದೆ. ಏಳನೆಯದು ಬಲ ಮತ್ತು ತಾಳಿಕೆಯ ಪದರ. ಅಲ್ಲಿ ಹ್ಯುಮಿಲಿಟಿ ತನ್ನನ್ನು 1-1 ಎನ್ನುತ್ತದೆ, ಒಪಲೆಸೆನ್ಸ್ ಅದನ್ನು 4-4 ಎನ್ನುತ್ತದೆ. ಮೇಜಿಗೆ ತಡವಾಗಿ ಬಂದ ಎಲೆಯ ಮಾತು ನಿಲ್ಲುತ್ತದೆ.

ನಮ್ಮ ವೈಯಾಕರಣರಿಗೆ ಇದು ಅಪರಿಚಿತ ದಾರಿಯಲ್ಲ. ಉತ್ಸರ್ಗಕ್ಕಿಂತ ಅಪವಾದ ಬಲಿಷ್ಠ ಎಂಬುದು ಅವರ ಹಳೆಯ ನಿಲುವು. ಎರಡು ಸೂತ್ರಗಳಿಗೆ ಜಗಳವಾದರೆ ‘ಪರ’ವಾದದ್ದು ಸಲ್ಲಬೇಕೆಂದು ಪಾಣಿನಿಯೇ ವಿಧಿಸಿದ್ದಾನೆ. ಆ ‘ಪರ’ ಎಂದರೆ ಗ್ರಂಥದಲ್ಲಿ ಮುಂದೆ ಬರುವ ಸೂತ್ರ ಎಂದು ಪರಂಪರೆ. ಹಾಗಲ್ಲ, ಪದದ ಬಲಭಾಗಕ್ಕೆ ಅನ್ವಯಿಸುವ ಸೂತ್ರ ಎಂದು 2022ರಲ್ಲಿ ಪ್ರಕಟವಾದ ಕೇಂಬ್ರಿಜ್‌ನ ಪ್ರಬಂಧವೊಂದು ವಾದಿಸಿತು. ಜಗಳ ಬಿಡಿಸುವ ಸೂತ್ರದ ಮೇಲೇ ಜಗಳ!

ಮ್ಯಾಜಿಕ್‌ನಲ್ಲಿ ಅಂಥ ಜಗಳಕ್ಕೆ ಎಡೆ ಕಡಿಮೆ, ಏಕೆಂದರೆ ಸೂತ್ರಕಾರರು ಇನ್ನೂ ತಿದ್ದುತ್ತಲೇ ಇದ್ದಾರೆ. ನಿಯಮಪುಸ್ತಕ ಇನ್ನೂರೈವತ್ತು ಪುಟ ದಾಟಿದೆ. ಪ್ರತಿ ಎಲೆಯ ಅಧಿಕೃತ ಪಾಠ ‘ಒರೇಕಲ್’ ಎಂಬ ದಾಖಲೆಯಲ್ಲಿದೆ. 1993ರ ಹಳೆಯ ಎಲೆ ಕೈಯಲ್ಲಿದ್ದರೂ ನಡೆಯುವುದು ಅದರ ಮೇಲೆ ಅಚ್ಚಾದ ಮಾತಲ್ಲ, ಇಂದಿನ ಒರೇಕಲ್ ಪಾಠ. ದುಡ್ಡು ಕೊಟ್ಟು ಕೊಂಡ ಎಲೆಯ ಮೇಲಿನ ಅಕ್ಷರಕ್ಕೇ ಬೆಲೆಯಿಲ್ಲವೇ ಎಂದು ಕೇಳಿದರೆ ತಪ್ಪಿಲ್ಲ. ಆದರೆ ಬೇರೆ ಉಪಾಯವೂ ಕಾಣದು.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ್ದರ ಫಲ 2019ರಲ್ಲಿ ವಿಚಿತ್ರ ರೀತಿಯಲ್ಲಿ ಹೊರಬಂತು. ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು ಒಂದು ಪ್ರಬಂಧದಲ್ಲಿ, ಈ ಎಲೆಗಳನ್ನು ಜೋಡಿಸಿ ಗಣಕಯಂತ್ರವನ್ನೇ ಕಟ್ಟಬಹುದೆಂದು ತೋರಿಸಿದರು. ಮೇಜಿನ ಮೇಲಿನ ಜೀವಿಗಳೇ ಯಂತ್ರದ ಪಟ್ಟಿಯ ಮನೆಗಳು. ಅವುಗಳ ಬಲ, ತಾಳಿಕೆಗಳೇ ಮನೆಯ ಸ್ಥಾನವನ್ನು ಸೂಚಿಸುವ ಅಂಕಿಗಳು. ಯಂತ್ರ ಒಮ್ಮೆ ಹೊರಟರೆ ಆಟಗಾರರಿಗೆ ಆಯ್ಕೆಯೇ ಇಲ್ಲ, ಪ್ರತಿ ಹೆಜ್ಜೆಯೂ ನಿಯಮದಿಂದಲೇ ನಿಶ್ಚಿತ. ಅಂಥ ಯಂತ್ರ ಎಂದಾದರೂ ನಿಲ್ಲುವುದೇ ಎಂದು ಎಲ್ಲ ಸಂದರ್ಭಗಳಲ್ಲೂ ಮೊದಲೇ ಹೇಳಬಲ್ಲ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿದ್ದ. ಆದ್ದರಿಂದ ಈ ಆಟದಲ್ಲಿ ಯಾರು ಗೆಲ್ಲುವರೆಂದು ಲೆಕ್ಕ ಹಾಕಿ ಹೇಳುವ ಸಾರ್ವತ್ರಿಕ ವಿಧಾನವೂ ಇಲ್ಲ. ಮೇಜಿಗೆ ಕರೆದ ತೀರ್ಪುಗಾರ ಮುಂದಿನ ಹೆಜ್ಜೆ ಯಾವುದೆಂದು ತಪ್ಪದೆ ಹೇಳಬಲ್ಲ. ಕೊನೆ ಏನಾಗುವುದೆಂದು ಹೇಳಲು ಅವನಿಗೂ ದಾರಿಯಿಲ್ಲ. ನಿಜವಾದ ಪಂದ್ಯದಲ್ಲಿ ಇಂಥ ಜೋಡಣೆ ತಾನಾಗಿ ಕೂಡಿಬರುವುದು ದೂರದ ಮಾತು. ಆದರೆ ಅದಕ್ಕೆ ಬೇಕಾದ ಎಲೆಗಳೆಲ್ಲ ಪಂದ್ಯದಲ್ಲಿ ಬಳಸಲು ಅನುಮತಿ ಇದ್ದವೇ.