ಅವರ ಭಾಷೆ ಯಾವುದಾಗಿತ್ತು?

ಕಳೆದ ವರ್ಷ ನೈರೋಬಿಯಿಂದ ಒಬ್ಬ ಸಹೋದ್ಯೋಗಿ ನಮ್ಮ ಚೆನ್ನೈ ಆಫೀಸಿಗೆ ಮೂರು ವಾರದ ಮಟ್ಟಿಗೆ ಬಂದಿದ್ದರು. ಪೂರ್ವ ಆಫ್ರಿಕಾದ ಗ್ರಾಹಕರಿಗಾಗಿ ನಾವು ಮಾಡುತ್ತಿದ್ದ ಪೇಮೆಂಟ್ ಆಪ್‌ನ ಸ್ವಾಹಿಲಿ ಅವತರಣಿಕೆಯಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಶೋಲಿಂಗನಲ್ಲೂರಿನ ಏಸಿ ಕೋಣೆಯಲ್ಲಿ ಅವರ ಪಕ್ಕ ಕೂತು ಪರದೆ ನೋಡುವಾಗ ನನಗೆ ಮೋಜೆನಿಸುತ್ತಿತ್ತು. ಹಣಕ್ಕೆ ಸ್ವಾಹಿಲಿಯಲ್ಲಿ 'ಪೆಸಾ', ಅದು ನಮ್ಮ ಪೈಸೆಯೇ. ವಾಹನಕ್ಕೆ 'ಗಾರಿ', ಅದು ಗಾಡಿ. ಚಪಾತಿಗೆ ಚಪಾತಿಯೇ. "ಎಷ್ಟು ಹಡಗು ಓಡಾಡಿರಬೇಕು ನೋಡಿ, ಪದಗಳೆಲ್ಲ ನಿಮ್ಮಲ್ಲಿಗೆ ಬಂದಿವೆ" ಅಂದೆ. ಅವರು ನಕ್ಕು, "ಆ ಹಡಗುಗಳಲ್ಲೇ ಅಲ್ಲವೇ ನಮ್ಮ ಜನ ನಿಮ್ಮ ಕಡೆ ಬಂದದ್ದು" ಅಂದರು.

ಅವರು ಮೊಬೈಲಿನಲ್ಲಿ ಸಿದ್ದಿಗಳ ಡಮಾಮಿ ಕುಣಿತದ ವಿಡಿಯೋ ನೋಡಿದ್ದರು. ಅದು ಯಲ್ಲಾಪುರದ್ದೆಂದು ಬರೆದಿತ್ತಂತೆ. ನಾನು ಆ ತಾಲ್ಲೂಕಿನವನೇ ಎಂದು ಗೊತ್ತಾದ ಮೇಲೆ ಮಧ್ಯಾಹ್ನದ ಊಟಕ್ಕೆ ಕೂತಾಗ ಕೇಳಿದರು: "ನಿಮಗೆ ಅವರು ಗೊತ್ತಾ?"

"ಗೊತ್ತಿಲ್ಲದೆ ಏನು, ನಮ್ಮ ತೋಟಕ್ಕೇ ಕೆಲಸಕ್ಕೆ ಬರುತ್ತಿದ್ದರು."

"ಅವರ ಭಾಷೆ ಯಾವುದು?"

"ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ."

"ಅದಲ್ಲ. ಅದಕ್ಕೂ ಮೊದಲು? ಅವರ ಭಾಷೆ ಯಾವುದಾಗಿತ್ತು?"

ನನಗೆ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷಗಳಲ್ಲಿ ಆ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ಕೇಳಿದ್ದ ಅದನ್ನೆಲ್ಲ?" ಅಂದರು. ನಮ್ಮ ತೋಟದಲ್ಲಿ ಸುಮಾರು ಮೂವತ್ತು ವರ್ಷ ಕೆಲಸ ಮಾಡಿದ ಸಿದ್ದಿ ಅಜ್ಜನಿಗೆ ನಮ್ಮ ಹವ್ಯಕ ಕನ್ನಡ ಪೂರ್ತಿ ಬರುತ್ತಿತ್ತು, ಆಯಿಯ ಗಾದೆಗಳ ಸಮೇತ. ಅವನು ಮನೆಯಲ್ಲಿ ಆಡುತ್ತಿದ್ದ ಕೊಂಕಣಿಯ ನಾಲ್ಕು ಪದ ನಮಗೆ ಬರುತ್ತಿರಲಿಲ್ಲ. ಅದರ ಹಿಂದೆ ಇನ್ನೊಂದು ಭಾಷೆ ಇತ್ತೆಂಬುದಂತೂ ಕನಸಿನಲ್ಲೂ ಇಲ್ಲ.

ನಂತರ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಕರ್ನಾಟಕದ ಸಿದ್ದಿಗಳು ಹೆಚ್ಚಾಗಿ ಇರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳ ಅಂಚಿನಲ್ಲಿ, ಜೊತೆಗೆ ಧಾರವಾಡ, ಬೆಳಗಾವಿ ಜಿಲ್ಲೆಗಳ ಕೆಲವು ಊರುಗಳಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಅವರ ಮೂಲವನ್ನು ಆಫ್ರಿಕಾದ ಬಂಟು ಭಾಷೆಗಳನ್ನಾಡುವ ಜನರಿಗೆ ಜೋಡಿಸಿವೆ. ಸ್ವಾಹಿಲಿ, ಜುಲು, ನನ್ನ ಸಹೋದ್ಯೋಗಿಯ ತಾಯ್ನುಡಿ ಗಿಕುಯು ಎಲ್ಲವೂ ಆ ಕುಟುಂಬದವೇ. ಗುಜರಾತಿನ ಸಿದ್ದಿಗಳ ಕುಣಿತಕ್ಕೆ ಈಗಲೂ 'ಗೋಮಾ' ಎಂಬ ಹೆಸರಿದೆ. ಸ್ವಾಹಿಲಿಯ 'ಙೋಮಾ' ಎಂದರೆ ಡೋಲು, ಕುಣಿತ. ಒಂದು ಭಾಷೆ ಹೋದ ಮೇಲೂ ಡೋಲಿನ ಹೆಸರಲ್ಲಿ ಅದರ ಒಂದು ಪದ ಬದುಕಿ ಉಳಿದಿದೆ.

ಶಾಲೆಯಲ್ಲಿ ನಾವು ಅಹ್ಮದ್‌ನಗರದ ಮಲಿಕ್ ಅಂಬರ್ ಬಗ್ಗೆ ಓದಿದ್ದೆವು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಬಂದು, ಮೊಘಲರನ್ನು ಎದುರಿಸಿ ನಿಂತು 1626ರಲ್ಲಿ ತೀರಿಕೊಂಡವನು. ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಸಿದ್ದಿ ಹುಡುಗ ಕೂತಿದ್ದ. ಆ ಪಾಠಕ್ಕೂ ಅವನಿಗೂ ಏನಾದರೂ ಸಂಬಂಧ ಇರಬಹುದೆಂದು ಯಾರೂ ಹೇಳಲಿಲ್ಲ. ಅವನು ಕನ್ನಡ ಓದುವಾಗ ಕೊಂಕಣಿ ರಾಗ ಬಂದರೆ ತರಗತಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ನೈರೋಬಿಯ ಗೆಳೆಯರು ಹೊರಡುವ ಮುನ್ನ ಒಂದು ಹೆಸರು ಹೇಳಿ ಹೋದರು: ಗೂಗಿ ವಾ ಥಿಯಾಂಗೊ. 2025ರ ಮೇ ತಿಂಗಳಲ್ಲಿ ತೀರಿಕೊಂಡ ಕೆನ್ಯಾದ ಲೇಖಕ. ಹೆಸರು ಕೇಳಿದ್ದೆ, ಓದಿರಲಿಲ್ಲ. ವಸಾಹತುಶಾಹಿ ಮನಸ್ಸಿನಿಂದ ಬಿಡಿಸಿಕೊಳ್ಳುವ ಬಗ್ಗೆ 1986ರಲ್ಲಿ ಬಂದ ಅವರ ಪುಸ್ತಕವನ್ನು ರಹಮತ್ ತರೀಕೆರೆಯವರು 'ವಸಾಹತುಪ್ರಜ್ಞೆ ಮತ್ತು ವಿಮೋಚನೆ' ಎಂದು ಕನ್ನಡಕ್ಕೆ ತಂದಿದ್ದಾರೆ.

ಗೂಗಿ ಓದುವಾಗಿನ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದ ಏಟು, ಕೊರಳಿಗೆ 'ನಾನು ದಡ್ಡ' ಎಂಬಂಥ ಫಲಕ. ಸಿಕ್ಕಿಬಿದ್ದವರನ್ನು ಹಿಡಿಯುವುದಕ್ಕೆ ಒಂದು ಗುಂಡಿಯನ್ನು ಮಕ್ಕಳ ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ, ಒಬ್ಬರ ಮೇಲೊಬ್ಬರು ಚಾಡಿ ಹೇಳುವಂತೆ. ಅವರು ಇಂಗ್ಲಿಷಿನಲ್ಲಿ ಬರೆದೇ ಪ್ರಸಿದ್ಧರಾದರು. 1977ರಲ್ಲಿ ಕಮಿರೀಥು ಎಂಬ ಊರಿನ ರೈತರು, ಕೂಲಿಕಾರರ ಜೊತೆ ಸೇರಿ ಗಿಕುಯುವಿನಲ್ಲಿ ಒಂದು ನಾಟಕ ಆಡಿಸಿದರು. ಇಂಗ್ಲಿಷಿನಲ್ಲಿ ಬರೆದಷ್ಟು ಕಾಲ ತಡೆದುಕೊಂಡಿದ್ದ ಸರಕಾರ ಆಗ ತಡೆಯಲಿಲ್ಲ. ನಾಟಕ ನಿಂತಿತು, ವರ್ಷದ ಕೊನೆಯ ದಿನ ಅವರ ಬಂಧನವಾಯಿತು. ವಿಚಾರಣೆಯಿಲ್ಲದೆ ಒಂದು ವರ್ಷ ಜೈಲಿನಲ್ಲಿದ್ದಾಗ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯುವಿನಲ್ಲಿ ಕಾದಂಬರಿ ಬರೆದರು. ಜನ ತಮ್ಮ ಭಾಷೆಯಲ್ಲಿ ತಮ್ಮ ಕೂಲಿಯ ಬಗ್ಗೆ ಮಾತಾಡಿದಾಗ ಮಾತ್ರ ಅಧಿಕಾರಕ್ಕೆ ನಿಜವಾದ ಭಯ ಹುಟ್ಟುತ್ತದೆ ಎಂಬುದು ನನಗೆ ಅಲ್ಲಿ ಅರ್ಥವಾಯಿತು.

ಓದುತ್ತಾ ಮೊದಲು ನೆನಪಾದದ್ದು ನನ್ನ ಮಗಳು. ನಾಲ್ಕನೇ ತರಗತಿ. ಶಾಲೆಯಲ್ಲಿ ಇಂಗ್ಲಿಷು, ತಮಿಳು. ಅಪಾರ್ಟ್‌ಮೆಂಟಿನ ಕೆಳಗೆ ಆಡುವಾಗ ಚೊಕ್ಕ ತಮಿಳು. ಊರಿಂದ ಆಯಿ ಫೋನ್ ಮಾಡಿ "ಊಟ ಆತನೇ ಕೂಸೇ?" ಅಂದರೆ "ಎಸ್ ಅಜ್ಜಿ" ಅನ್ನುತ್ತಾಳೆ. ನೈರೋಬಿಯ ಗೆಳೆಯರ ಮನೆಯಲ್ಲೂ ಇದೇ ಕಥೆಯಂತೆ: ಅಜ್ಜಿ ಗಿಕುಯು, ಮೊಮ್ಮಗ ಇಂಗ್ಲಿಷು. ಗೂಗಿಯವರ ಶಾಲೆಯಲ್ಲಿ ಬೆತ್ತ ಬೇಕಾಗಿತ್ತು. ನಮ್ಮ ಮನೆಗಳಲ್ಲಿ ಯಾರೂ ಬೆತ್ತ ಹಿಡಿದಿಲ್ಲ, ಆದರೂ ಭಾಷೆ ಜಾರುತ್ತಿದೆ.

ಚೆನ್ನೈಯಲ್ಲಿರುವ ನಾವು ಕನ್ನಡಿಗರು ಸೇರಿದಾಗಲೆಲ್ಲ ಇದನ್ನೇ ಮಾತಾಡುತ್ತೇವೆ, ಕನ್ನಡವನ್ನು ಹೇಗೆ ಉಳಿಸಿಕೊಳ್ಳುವುದು ಎಂದು. ತಮಿಳರ ಭಾಷಾಭಿಮಾನ ನೋಡಿ ಸ್ವಲ್ಪ ಹೊಟ್ಟೆಕಿಚ್ಚನ್ನೂ ಪಡುತ್ತೇವೆ. ಆ ಮಾತುಕತೆಗಳಲ್ಲಿ ಕನ್ನಡ ಯಾವಾಗಲೂ ಪಾಪದ ಭಾಷೆ, ತುಳಿಸಿಕೊಂಡ ಭಾಷೆ. ಗೂಗಿಯವರನ್ನು ಓದಿದ ಮೇಲೆ ಆ ಮಾತು ನನಗೆ ಅಷ್ಟು ಸಲೀಸಾಗಿ ಬರುತ್ತಿಲ್ಲ. ಕೊನೆಯ ಬೆಂಚಿನ ಹುಡುಗನಿಗೆ ಕನ್ನಡವೇ ಒಡೆಯರ ಭಾಷೆಯಾಗಿತ್ತು. ನಗುವೇ ಬೆತ್ತವಾಗಿತ್ತು. ಆ ಬೆತ್ತಕ್ಕೆ ನನ್ನ ಕೈಯೂ ಇತ್ತು.

ಈ ದಸರಾ ರಜೆಯಲ್ಲಿ ಊರಿಗೆ ಹೋದಾಗ ಅವನನ್ನು ಹುಡುಕಿಕೊಂಡು ಹೋದೆ. ಮಂಚೀಕೇರಿ ದಾಟಿ ಸ್ವಲ್ಪ ಒಳಗೆ ಅವನ ಮನೆ. ಹೆಂಚಿನ ಮಾಡು, ಅಂಗಳದಲ್ಲಿ ಬೈಕು. ಜಗಲಿಯ ಮೂಲೆಯಲ್ಲಿ ಡಮಾಮಿ ತೂಗುಹಾಕಿತ್ತು. ಒಳಗೆ ಹಿರಿಯರಿಗೆ ಎಡೆ ಇಟ್ಟು ಮುಗಿದಿತ್ತು. ಸಿದ್ದಿಗಳಲ್ಲಿ ಧರ್ಮ ಯಾವುದೇ ಇರಲಿ, ಸತ್ತ ಹಿರಿಯರನ್ನು ನೆನೆಯುವ ಈ ಪದ್ಧತಿಗೆ ದೊಡ್ಡ ಸ್ಥಾನವಿದೆ. ನಮ್ಮ ಮನೆಯಲ್ಲೂ ಹಿರಿಯರ ಕಾರ್ಯ ಮಾಡುತ್ತೇವೆ, ಮೂರು ತಲೆಮಾರಿನ ಹೆಸರು ಹಿಡಿದು. ಅವರ ಹಿರಿಯರ ಹೆಸರುಗಳು ಹಡಗಿನಲ್ಲೇ ಕಳೆದುಹೋದವು. ಹೆಸರೇ ಗೊತ್ತಿಲ್ಲದ ಹಿರಿಯರಿಗೆ ಅವರು ಎಡೆ ಇಡುತ್ತಾರೆ.

"ಬನ್ನಿ ಹೆಗಡೇರೇ, ಕೂತ್ಕಳಿ" ಅಂದ. "ಹೇಗಿದ್ದೀಯೋ?" ಅಂದೆ. ಒಂದೇ ತರಗತಿ, ಒಂದೇ ವಯಸ್ಸು. ಅವನು ನನಗೆ ಬಹುವಚನ, ನಾನು ಅವನಿಗೆ ಏಕವಚನ. ಮೂವತ್ತು ವರ್ಷ ಹೀಗೇ ಮಾತಾಡಿದ್ದೇವೆ. ಅವತ್ತು ಮೊದಲ ಸಲ ಅದು ನನ್ನ ಕಿವಿಗೆ ಬಿತ್ತು.

ನೈರೋಬಿಯ ಗೆಳೆಯರ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಸ್ವಲ್ಪ ಯೋಚಿಸಿ ಹೇಳಿದ: "ಅದು ಹೋಯ್ತು. ಹೋಗಿ ನೂರಾರು ವರ್ಷ ಆತು. ಈಗ ಮನೇಲಿ ಆಡೋ ಕೊಂಕಣಿನೇ ನಮ್ಮದು. ರೆಸಾರ್ಟಿಗೆ ಕರೀತಾರೆ, ಸೊಪ್ಪು ಕಟ್ಕೊಂಡು, ಮುಖಕ್ಕೆ ಬಣ್ಣ ಹಚ್ಕೊಂಡು ಆಫ್ರಿಕಾ ಥರ ಕುಣೀರಿ ಅಂತಾರೆ. ನಮ್ಮ ಅಜ್ಜ ಹಾಗೆ ಕುಣೀಲೇ ಇಲ್ಲ. ಆದರೆ ಒಂದು ಹೇಳ್ತೆ, ನಾವು ಸಣ್ಣವರಿದ್ದಾಗ ಡಮಾಮಿ ಬಾರಿಸೂಕೆ ನಾಚಿಕೆ ಪಡ್ತಿದ್ವಿ. ನನ್ನ ಮಗ ಶಾಲೆ ಗ್ಯಾದರಿಂಗಲ್ಲಿ ಬಾರಿಸ್ತಾ. ಅವಂಗೆ ನಾಚಿಕೆ ಇಲ್ಲ."

ನಾಚಿಕೆ ಇಲ್ಲದಂತಾಗುವುದಕ್ಕೆ ಬರೀ ಡೋಲು ಸಾಲಲಿಲ್ಲ ಎಂಬುದನ್ನೂ ಅವನೇ ವಿವರಿಸಿದ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದರಿಂದ ಹಾಸ್ಟೆಲು, ವಿದ್ಯಾರ್ಥಿವೇತನ, ಕೆಲಸ ಬಂತು. ಅವನ ತಂಗಿ ಓದಿ ನರ್ಸ್ ಆದದ್ದು ಹಾಗೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಊರಲ್ಲಿ ಡಮಾಮಿ ಬಾರಿಸಿದ್ದರಂತೆ. ಉಳಿದದ್ದು ಕಾಡಂಚಿನ ಜಮೀನಿನ ಪಟ್ಟೆಯ ಪ್ರಶ್ನೆ. "ಭಾಷೆ ಹುಡುಕೂಕೆ ಆಫ್ರಿಕಾಕ್ಕೆ ಹೋಗೂದು ಆಮೇಲೆ, ಮೊದಲು ಈ ಜಾಗ ನಮ್ಮ ಹೆಸರಿಗಾಗ್ಲಿ" ಎಂದು ನಕ್ಕ.

ಮಾತಿನ ನಡುವೆ ಅವನ ತಂದೆ ಒಂದು ನಾಟಕ ನೆನಪಿಸಿಕೊಂಡರು. 1980ರ ದಶಕದಲ್ಲಿ ನೀನಾಸಮ್‌ನವರು ಮಂಚೀಕೇರಿಯಲ್ಲಿ ಸಿದ್ದಿಗಳನ್ನೇ ಕಟ್ಟಿಕೊಂಡು 'ಕಪ್ಪು ಜನ ಕೆಂಪು ನೆರಳು' ಆಡಿಸಿದ್ದರು. ನಿರ್ದೇಶನ ಚಿದಂಬರರಾವ್ ಜಂಬೆಯವರದು. ಮೂಲ, ನೈಜೀರಿಯಾದ ಚಿನುವಾ ಅಚಿಬೆಯವರು 1958ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿ. ಆಫ್ರಿಕಾದವರು ಇಂಗ್ಲಿಷಿನಲ್ಲಿ ಬರೆಯಬೇಕೋ ಬೇಡವೋ ಎಂದು ಗೂಗಿ ವಾದ ಹೂಡಿದ್ದು ಇದೇ ಅಚಿಬೆಯವರ ಜೊತೆ. ಅಚಿಬೆಯವರ ಇಗ್ಬೋ ಜನ ಇರುವುದು ಪಶ್ಚಿಮ ಆಫ್ರಿಕಾದಲ್ಲಿ, ಸಿದ್ದಿಗಳ ಪೂರ್ವಜರು ಬಂದದ್ದು ಪೂರ್ವ ಕರಾವಳಿಯಿಂದ. ಆದರೂ ಆ ಕಥೆ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು, ಸಿದ್ದಿಗಳ ಬಾಯಲ್ಲಿ ಸಿದ್ದಿಗಳದೇ ಆಯಿತು. "ನಮ್ಮ ಬಗ್ಗೆ ಯಾರೋ ಬರ್ದಿದ್ದಾರೆ ಅಂತ ಆಗ ಗೊತ್ತಾತು" ಅಂದರು ಆ ಹಿರಿಯರು. ಕಳೆದ ಭಾಷೆ ತಿರುಗಿ ಸಿಗದಿದ್ದರೂ, ಕೈಗೆ ಸಿಕ್ಕ ಭಾಷೆಯಲ್ಲಿ ತಮ್ಮನ್ನು ತಾವು ಕಾಣುವುದಕ್ಕೆ ಸಾಧ್ಯ ಎಂದು ನನಗನ್ನಿಸಿತು.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿಗೆ ಅಂಚೆಯಲ್ಲಿ ಪುಕ್ಕಟೆ ಉಬುಂಟು ಸಿ.ಡಿ.ಗಳು ಬರುತ್ತಿದ್ದವು. ನನ್ನ ವಯಸ್ಸಿನ ಸಾಫ್ಟ್‌ವೇರಿನವರಿಗೆ ಇದು ನೆನಪಿದ್ದೀತು. ನಾನು ಕಲಿತ ಮೊದಲ ಆಫ್ರಿಕನ್ ಪದ ಅದು, ಆದರೆ ನನಗೆ ಅದೊಂದು ಆಪರೇಟಿಂಗ್ ಸಿಸ್ಟಮ್ ಅಷ್ಟೇ. ಜುಲು, ಖೋಸಾ ಭಾಷೆಗಳಲ್ಲಿ ಉಬುಂಟು ಎಂದರೆ ಮನುಷ್ಯತ್ವ, ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರ ಮೂಲಕ ಎಂಬ ತಿಳಿವು. ಸ್ವಾಹಿಲಿಯಲ್ಲಿ ಅದಕ್ಕೆ 'ಉಟು' ಎನ್ನುತ್ತಾರೆಂದು ನೈರೋಬಿಯ ಗೆಳೆಯರು ಹೇಳಿದ್ದರು. ವರ್ಣಭೇದ ಕೊನೆಗೊಳ್ಳುವ ಹೊತ್ತಿನಲ್ಲಿ, 1993ರ ದಕ್ಷಿಣ ಆಫ್ರಿಕಾದ ಮಧ್ಯಂತರ ಸಂವಿಧಾನದಲ್ಲಿ ಈ ಪದ ಸೇರಿತು. ಅಷ್ಟು ದೊಡ್ಡ ಗಾಯ ಮಾಯಬೇಕಾದಾಗ ಆ ದೇಶ ತನ್ನ ಅಜ್ಜ ಅಜ್ಜಿಯರ ಮಾತಿನ ಕಡೆ ತಿರುಗಿತು.

ಆ ಲೆಕ್ಕದಲ್ಲಿ ನೋಡಿದರೆ ನಾನು ನಾನಾದದ್ದು ಯಾರಿಂದ? ನನ್ನ ಕಾಲೇಜಿನ ಫೀಸು ಅಡಿಕೆಯಿಂದ ಬಂತು. ಆ ಅಡಿಕೆ ಕೊಯ್ದದ್ದು, ಹೊತ್ತದ್ದು ಸಿದ್ದಿ ಅಜ್ಜ. ಚೆನ್ನೈಯ ಈ ಫ್ಲ್ಯಾಟು, ಈ ಲ್ಯಾಪ್‌ಟಾಪು, ಇದರಲ್ಲಿ ಬರೆಯುತ್ತಿರುವ ಈ ಕನ್ನಡ, ಎಲ್ಲದರಲ್ಲೂ ಅವನ ಪಾಲಿದೆ. ಅವನ ಹಿರಿಯರ ಭಾಷೆ ಯಾವುದೆಂದು ಕೇಳುವಷ್ಟು ಕುತೂಹಲ ನಮಗಿರಲಿಲ್ಲ. ನಮ್ಮ ಭಾಷೆ, ನಮ್ಮ ಹಿರಿಯರ ಮೌಲ್ಯ ಎಂದು ನಾವು ಹೊರಗಿನವರ ಎದುರು ಎದೆ ತಟ್ಟಿಕೊಳ್ಳುತ್ತೇವೆ. ಅದೇ ಭಾಷೆಯ ಏಕವಚನ ಬಹುವಚನಗಳಲ್ಲಿ ನಾವು ಯಾರನ್ನು ಎಲ್ಲಿ ಕೂರಿಸಿದ್ದೇವೆ ಎಂದು ನೋಡಿಕೊಳ್ಳದೆ ಆ ಮಾತಿಗೆ ಬೆಲೆಯಿಲ್ಲ.

ಹೊರಡುವಾಗ ಗೆಳೆಯನಿಗೆ ಅಂದೆ: "ನನ್ನನ್ನು ಹೆಗಡೇರು ಅನ್ನಬೇಡ, ಹೆಸರು ಹಿಡಿದು ಕರೆ." ಅವನು ತಲೆ ಕೆರೆದುಕೊಂಡ. "ಬಾಯಿಗೆ ಬರೂದಿಲ್ಲ. ಸಣ್ಣವನಿದ್ದಾಗಿಂದ ರೂಢಿ" ಅಂದ. ನಾನು ಸ್ವಲ್ಪ ತಡೆದು, "ಹಾಗಾದರೆ ನಾನೇ ಬದಲಾಯಿಸುತ್ತೇನೆ. ನಾನು ಬರ್ತೇನೆ, ನೀವೂ ಒಮ್ಮೆ ಚೆನ್ನೈಗೆ ಬನ್ನಿ" ಅಂದೆ. ಅವನಿಗೆ ಮುಜುಗರವಾಯಿತು, ನನಗೂ ಆಯಿತು. ಇಬ್ಬರೂ ನಕ್ಕೆವು.

ಈಗ ತಿಂಗಳಿಗೆ ಒಂದೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ. ಅವರ ಮಗ ನನ್ನ ಮಗಳಿಗೆ ವಾಟ್ಸಾಪಿನಲ್ಲಿ ಡಮಾಮಿ ಬಾರಿಸಿ ಕಳಿಸಿದ್ದ. ಅವಳು ಅದನ್ನು ಐದಾರು ಸಲ ಕೇಳಿ, "ಇವರ ಭಾಷೆ ಯಾವುದು ಅಪ್ಪ?" ಎಂದಳು. ನಾನು ಮೂವತ್ತೆಂಟು ವರ್ಷ ಕೇಳದ ಪ್ರಶ್ನೆಯನ್ನು ಅವಳು ಒಂಬತ್ತನೇ ವಯಸ್ಸಿಗೇ ಕೇಳಿದಳು. ನನಗೆ ಗೊತ್ತಿದ್ದಷ್ಟನ್ನು ಅವಳಿಗೆ ಹೇಳಿದೆ, ಕನ್ನಡದಲ್ಲಿ.