ಇಗ್ನಿಷನ್ ಇಂಟರ್‌ಲಾಕ್ ಮತ್ತು ಪಾನಮತ್ತ ಚಾಲನೆಯ ಕಾನೂನು

ಇಗ್ನಿಷನ್ ಇಂಟರ್‌ಲಾಕ್ ಎಂಬುದು ಚಾಲಕನ ಉಸಿರಿನಲ್ಲಿರುವ ಮದ್ಯಸಾರವನ್ನು ಅಳೆದು, ಅದು ನಿಗದಿತ ಮಿತಿಯನ್ನು ಮೀರಿದ್ದರೆ ವಾಹನದ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ. ಪಾನಮತ್ತ ಚಾಲನೆಗಾಗಿ ಶಿಕ್ಷೆಗೊಳಗಾದವರ ವಾಹನಗಳಿಗೆ ಇದನ್ನು ಕಡ್ಡಾಯಗೊಳಿಸುವ ಕಾನೂನುಗಳು ಅಮೆರಿಕ ಸಂಯುಕ್ತ ಸಂಸ್ಥಾನ ಮೊದಲಾದ ದೇಶಗಳಲ್ಲಿವೆ. ಭಾರತದ ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಅಂತಹ ಉಪಬಂಧವಿಲ್ಲ. ಇಲ್ಲಿ ದಂಡ, ಕಾರಾವಾಸ ಮತ್ತು ಚಾಲನಾ ಪರವಾನಗಿಯ ಅಮಾನತು ಇವೇ ಮುಖ್ಯ ಕ್ರಮಗಳು.

ಕಾರ್ಯವಿಧಾನ

ಸಾಧನದ ಕೊಳವೆಯೊಳಗೆ ಚಾಲಕನು ಊದಿದಾಗ ಉಸಿರು ಇಂಧನಕೋಶ ಸಂವೇದಕವನ್ನು ತಲುಪುತ್ತದೆ. ಅಲ್ಲಿ ಪ್ಲಾಟಿನಂ ವಿದ್ಯುದಗ್ರದ ಮೇಲೆ ಎಥನಾಲ್ ಉತ್ಕರ್ಷಣಗೊಂಡು ಅಸಿಟಿಕ್ ಆಮ್ಲವಾಗುತ್ತದೆ. ಈ ಕ್ರಿಯೆಯಲ್ಲಿ ಉಂಟಾಗುವ ವಿದ್ಯುತ್ ಪ್ರವಾಹವು ಮದ್ಯಸಾರದ ಪ್ರಮಾಣವನ್ನು ಸೂಚಿಸುತ್ತದೆ. ಬೇರೊಬ್ಬರಿಂದ ಊದಿಸಿ ವಾಹನ ಚಾಲೂ ಮಾಡುವುದನ್ನು ತಡೆಯಲು, ಪ್ರಯಾಣದ ನಡುವೆಯೂ ಅನಿಯತ ಸಮಯಗಳಲ್ಲಿ ಮರುಪರೀಕ್ಷೆ ಕೇಳಲಾಗುತ್ತದೆ. ಮರುಪರೀಕ್ಷೆಯಲ್ಲಿ ವಿಫಲವಾದರೆ ಓಡುತ್ತಿರುವ ಎಂಜಿನ್ ಒಮ್ಮೆಲೇ ನಿಲ್ಲುವುದಿಲ್ಲ, ಏಕೆಂದರೆ ಅದೇ ಅಪಘಾತಕ್ಕೆ ಕಾರಣವಾದೀತು. ಅದರ ಬದಲು ವೈಫಲ್ಯವು ದಾಖಲಾಗುತ್ತದೆ. ಹಲವು ಮಾದರಿಗಳಲ್ಲಿ ಊದುವವರ ಚಿತ್ರ ತೆಗೆಯುವ ಕ್ಯಾಮೆರಾ ಕೂಡ ಇರುತ್ತದೆ.

ಕ್ಯಾಲಿಫೋರ್ನಿಯ ರಾಜ್ಯವು 1986ರಲ್ಲಿ ಪ್ರಾಯೋಗಿಕವಾಗಿ ಇಂತಹ ಕಾನೂನನ್ನು ತಂದಿತು. 2005ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯವು ಮೊದಲ ಬಾರಿ ತಪ್ಪಿತಸ್ಥರಾದವರಿಗೂ ಇದನ್ನು ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟದ ನಿಯಮದಂತೆ 2022ರ ಜುಲೈನಿಂದ ಹೊಸ ಮಾದರಿಯ ಕಾರುಗಳು ಈ ಸಾಧನವನ್ನು ಅಳವಡಿಸಲು ಅನುಕೂಲವಾಗುವಂತೆ ಸಿದ್ಧವಾಗಿರಬೇಕು, ಸಾಧನವೇ ಕಡ್ಡಾಯವಲ್ಲ. ಸಾಧನ ವಾಹನದಲ್ಲಿರುವಷ್ಟು ಕಾಲ ಅಪರಾಧದ ಪುನರಾವರ್ತನೆ ಗಣನೀಯವಾಗಿ ಇಳಿಯುತ್ತದೆ, ತೆಗೆದ ಬಳಿಕ ಆ ಪರಿಣಾಮ ಬಹುಮಟ್ಟಿಗೆ ಉಳಿಯುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಂಡುಬಂದಿರುವ ಸಂಗತಿ.

ಭಾರತದಲ್ಲಿನ ಕಾನೂನು

ಅಧಿನಿಯಮದ 185ನೇ ಪ್ರಕರಣದ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ನಂತರದ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸ್ಥಳದಲ್ಲಿಯೇ ರಾಜಿ ಮಾಡಬಹುದಾದ ಅಪರಾಧಗಳ ಪಟ್ಟಿಯಲ್ಲಿ (200ನೇ ಪ್ರಕರಣ) ಇದು ಸೇರಿಲ್ಲ. ಆದುದರಿಂದ ಪೊಲೀಸರು ರಸ್ತೆಯಲ್ಲಿ ದಂಡ ಪಡೆದು ಪ್ರಕರಣ ಮುಗಿಸುವಂತಿಲ್ಲ. ಆರೋಪಿಯು ನ್ಯಾಯಾಲಯಕ್ಕೆ ಹಾಜರಾಗಬೇಕು.

ಉಸಿರಿನ ಪರೀಕ್ಷೆಯ ಅಧಿಕಾರವನ್ನು 203ನೇ ಪ್ರಕರಣವೂ ರಕ್ತಪರೀಕ್ಷೆಯನ್ನು 204ನೇ ಪ್ರಕರಣವೂ ವಿವರಿಸುತ್ತವೆ. ವಾರಂಟ್ ಇಲ್ಲದೆ ಬಂಧಿತನಾದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷಿಸದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಪ್ರಕರಣ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ದೂರವಿರುವ ಹಳ್ಳಿಯ ರಸ್ತೆಯಲ್ಲಿ ಈ ಎರಡು ಗಂಟೆ ಹೆಚ್ಚೇನಲ್ಲ. ಪರವಾನಗಿಯ ವಿಷಯದಲ್ಲಿ, ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು ಪಾನಮತ್ತ ಚಾಲಕರ ಪರವಾನಗಿಯನ್ನು ಕನಿಷ್ಠ 3 ತಿಂಗಳು ಅಮಾನತುಗೊಳಿಸುವಂತೆ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಅಳವಡಿಕೆಯ ತೊಡಕುಗಳು

ಇಂಟರ್‌ಲಾಕ್ ಕಾನೂನುಗಳು ಕಾರನ್ನೇ ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸುತ್ತಲಿನ ಸಂಚಾರವು ಬೇರೆ ಬಗೆಯದು: ಬೈಕುಗಳು, ಟಂಟಂಗಳು, ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಿಂದ ಭತ್ತ ಸಾಗಿಸುವ ಟ್ರ್ಯಾಕ್ಟರ್‌ಗಳು, 150ಎ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು. ಒಂದೇ ಬೈಕನ್ನು ಮನೆಮಂದಿಯೆಲ್ಲ ಬಳಸುವಲ್ಲಿ, ಅಥವಾ ಮಾಲೀಕನೊಬ್ಬ ಚಾಲಕನಿನ್ನೊಬ್ಬ ಆಗಿರುವಲ್ಲಿ, ಒಬ್ಬನ ತಪ್ಪಿಗೆ ವಾಹನಕ್ಕೆ ಬೀಗ ಹಾಕುವುದು ಉಳಿದವರಿಗೂ ತಟ್ಟುತ್ತದೆ. ಸಾಧನದ ಬಾಡಿಗೆ, ನಿಯತಕಾಲಿಕ ಪರಿಶೀಲನೆಯ ವೆಚ್ಚವನ್ನು ಹಲವೆಡೆ ಅಪರಾಧಿಯೇ ಭರಿಸಬೇಕಾಗಿರುವುದು ಮತ್ತೊಂದು ತೊಡಕು.

ಭಾರತದಲ್ಲಿ ನ್ಯಾಯಾಲಯಗಳು ವಾಹನಕ್ಕಿಂತ ಮದ್ಯದಂಗಡಿಯ ಕಡೆಗೆ ಗಮನ ಹರಿಸಿದ್ದುಂಟು. 2016ರ ಡಿಸೆಂಬರ್ 15ರಂದು ತಮಿಳುನಾಡು ರಾಜ್ಯ ವಿರುದ್ಧ ಕೆ. ಬಾಲು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟವನ್ನು ನಿಷೇಧಿಸಿತು. 2017ರ ಮಾರ್ಚ್ 31ರ ಆದೇಶದಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಈ ಅಂತರವನ್ನು 220 ಮೀಟರ್‌ಗೆ ಇಳಿಸಲಾಯಿತು. ಅದೇ ವರ್ಷದ ಜುಲೈನಲ್ಲಿ, ನಗರಾಡಳಿತ ಸಂಸ್ಥೆಗಳ ವ್ಯಾಪ್ತಿಯೊಳಗಿನ ಪರವಾನಗಿಗಳಿಗೆ ಈ ನಿಷೇಧ ಅಡ್ಡಿಯಾಗದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.