ಕಡಲ ಕಾವಲು ಮತ್ತು ಒಳನಾಡಿನ ನಾವು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಹೆಬ್ಬಂಡೆಗಳ ಸೀಮೆ. ರಾಗಿ, ರೇಷ್ಮೆ, ಮಾವುಗಳ ಸೀಮೆ. ಕಡಲು ಇಲ್ಲಿಂದ ನೂರಾರು ಕಿಲೋಮೀಟರುಗಳಾಚೆ ಇದೆ. ಅರ್ಕಾವತಿ ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ವೆಯು ಶಿಂಷೆಯೊಡನೆ ಬೆರೆತು ಅದೇ ಕಾವೇರಿಯನ್ನು ಸೇರುತ್ತಾಳೆ. ಆ ನೀರು ಕೊನೆಗೆ ಪೂರ್ವಸಮುದ್ರವನ್ನು ಮುಟ್ಟುತ್ತದೆ. ಇದಿಷ್ಟನ್ನು ಬಿಟ್ಟರೆ ಕಡಲಿಗೂ ನಮಗೂ ಏನು ನಂಟು ಎಂದು ಕೇಳುವವರೇ ನಮ್ಮಲ್ಲಿ ಹೆಚ್ಚು. ಪ್ರತಿವರ್ಷ ಡಿಸೆಂಬರ್ 4ರಂದು ರಾಷ್ಟ್ರವು ನೌಕಾಪಡೆಯ ದಿನವನ್ನು ಆಚರಿಸುತ್ತದೆ. ನಮ್ಮ ಮನೆಗಳಲ್ಲಿ ಆ ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ.

ಆದರೆ ಈ ಪ್ರಶ್ನೆಗೆ ರಾಮನಗರದ ಹಳೆಯ ಹೆಸರೇ ಉತ್ತರ ಕೊಡುತ್ತದೆ. ಹಿರಿಯರು ಈ ಊರನ್ನು ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದುದು ಹಲವರಿಗೆ ನೆನಪಿದ್ದೀತು. ಮೈಸೂರಿನಲ್ಲಿ ಇಂಗ್ಲಿಷ್ ಕಂಪನಿಯ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು ಅದು. ಭೂವಿಜ್ಞಾನಿಗಳು ನಮ್ಮ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಹಡಗೇರಿ ಬಂದ ವ್ಯಾಪಾರಿಗಳ ಕಂಪನಿಯೊಂದು ಇಷ್ಟು ಒಳನಾಡಿನ ಊರಿಗೆ ತನ್ನ ಅಧಿಕಾರಿಯ ಹೆಸರಿಡುವಷ್ಟು ಬಲಗೊಂಡುದು ಹೇಗೆ? ಕಡಲನ್ನು ಕಾಯದ ನಾಡಿಗೆ ಬೆಟ್ಟದ ಕೋಟೆಯೂ ಆಸರೆಯಾಗುವುದಿಲ್ಲ ಎಂಬ ಸತ್ಯ ಈ ಕಥೆಯಲ್ಲಿ ಅಡಗಿದೆ.

ಕೆಳದಿಯ ಅರಸರು ಕಂಡ ಕಡಲು

ಕನ್ನಡಿಗರಿಗೆ ನೌಕಾಬಲ ಹೊಸದಲ್ಲ. ಇಮ್ಮಡಿ ಪುಲಕೇಶಿಯು ಹಡಗುಗಳ ಸಮೂಹದೊಡನೆ ಪುರಿ ಎಂಬ ಪಶ್ಚಿಮ ಸಮುದ್ರದ ನಗರವನ್ನು ಮುತ್ತಿದ ಸಂಗತಿಯನ್ನು ಕ್ರಿ.ಶ. 634ರ ಐಹೊಳೆಯ ಶಾಸನ ಹೇಳುತ್ತದೆ. ಗೋವೆಯ ಕದಂಬರೂ ಕಡಲ ವ್ಯಾಪಾರದಿಂದ ಬೆಳೆದವರು.

ವೀರಶೈವ ಸಮಾಜಕ್ಕೆ ಇನ್ನೂ ಹತ್ತಿರವಾದುದು ಕೆಳದಿಯ ಕಥೆ. ಮಲೆನಾಡಿನ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ಈ ಶಿವಭಕ್ತ ಅರಸರ ಸಂಪತ್ತು ಘಟ್ಟದ ಕೆಳಗಿನ ಬಂದರುಗಳಲ್ಲಿತ್ತು. ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಅಕ್ಕಿಯೂ ಮೆಣಸೂ ಹೊರದೇಶಗಳಿಗೆ ಹೋಗುತ್ತಿದ್ದವು. ಗೋವೆಯ ಪೋರ್ಚುಗೀಸರ ಅನ್ನದ ತಟ್ಟೆ ತುಂಬುತ್ತಿದ್ದುದೂ ಈ ಕರಾವಳಿಯ ಅಕ್ಕಿಯಿಂದಲೇ. ಆದರೂ ಆ ಬಂದರುಗಳ ಬಾಯಿಯಲ್ಲಿ ಪೋರ್ಚುಗೀಸರು 1568-69ರ ಸುಮಾರಿಗೆ ತಮ್ಮ ಕೋಟೆಗಳನ್ನು ನಿಲ್ಲಿಸಿದ್ದರು. ಅವರ ರಹದಾರಿ ಪತ್ರವಿಲ್ಲದೆ ನಮ್ಮ ವರ್ತಕರ ಹಡಗು ನಮ್ಮದೇ ಕಡಲಿನಲ್ಲಿ ಸಾಗುವಂತಿರಲಿಲ್ಲ. ಸಾಗಿದರೆ ಸರಕೂ ಹಡಗೂ ಅವರ ಪಾಲಾಗುತ್ತಿತ್ತು.

ಈ ಅವಮಾನವನ್ನು ಸಹಿಸದವನು ಶಿವಪ್ಪನಾಯಕ. ಭೂಮಿಯ ಗುಣವನ್ನರಿತು ಕಂದಾಯ ನಿಗದಿಮಾಡಿದ ಆತನ ಶಿಸ್ತನ್ನು ನಾಡು ಇಂದಿಗೂ ಕೊಂಡಾಡುತ್ತದೆ. 1652ರಿಂದ 1654ರವರೆಗಿನ ಕಾಲದಲ್ಲಿ ಆತನು ಬಸರೂರು, ಮಂಗಳೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳನ್ನೆಲ್ಲ ವಶಪಡಿಸಿಕೊಂಡನು. ಯೂರೋಪಿನ ಶಕ್ತಿಯೊಂದನ್ನು ಕರಾವಳಿಯಿಂದ ಕಿತ್ತೊಗೆದ ಆ ಪರಾಕ್ರಮ ಸಾಮಾನ್ಯವಾದುದಲ್ಲ.

ಆದರೂ ಗೆಲುವು ನೆಲದ ಮೇಲಿನದಾಗಿತ್ತು. ಕೋಟೆಗಳು ಕೈಸೇರಿದರೂ ಆಳಕಡಲು ಕೈಸೇರಲಿಲ್ಲ. ಕೋಟೆ ಕಳೆದುಕೊಂಡ ಪೋರ್ಚುಗೀಸರು ತಮ್ಮ ನೌಕೆಗಳಿಂದ ಬಂದರುಗಳ ದಾರಿಯನ್ನು ಕಟ್ಟಬಲ್ಲವರಾಗಿದ್ದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರ ನೌಕಾಬಲವು ಮಾಲವಣದಿಂದ ಹೊರಟು ಬಸರೂರಿನ ಮೇಲೆ ಎರಗಿದಾಗ, ಆ ಸಿರಿವಂತ ಬಂದರು ಸೂರೆಯಾಯಿತು. ಶಿವಪ್ಪನಾಯಕನ ಉತ್ತರಾಧಿಕಾರಿಗಳು 1670ರ ದಶಕದಲ್ಲಿ ಪೋರ್ಚುಗೀಸರೊಡನೆ ಮತ್ತೆ ಒಪ್ಪಂದಕ್ಕೆ ಬರಬೇಕಾಯಿತು. ಮುಂದೆ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನೇ ಎದುರಿಸಿದ ಧೀರೆ ಚೆನ್ನಮ್ಮಾಜಿಯೂ ಕಡಲಿನ ವಿಷಯದಲ್ಲಿ ಸಂಧಿಯ ದಾರಿಯನ್ನೇ ಹಿಡಿದಳು. ಆಕೆಯ ಧೈರ್ಯದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಹಡಗುಗಳಲ್ಲಿ.

ಸಾವನದುರ್ಗಕ್ಕೆ ಬಂದ ಕಡಲು

1763ರಲ್ಲಿ ಬಿದನೂರು ಹೈದರನ ವಶವಾಯಿತು. ಅದರೊಡನೆ ಬಂದರುಗಳೂ ದೊರೆತು, ಆತನು ನೌಕಾಪಡೆಯನ್ನು ಕಟ್ಟತೊಡಗಿದನು. 1780ರಲ್ಲಿ ಇಂಗ್ಲಿಷರು ಮಂಗಳೂರಿನಲ್ಲಿ ಆ ಹಡಗುಗಳನ್ನು ನಾಶಮಾಡಿದರು. ಅತ್ತ ಕಂಪನಿಯ ಮದ್ರಾಸು, ಮುಂಬಯಿ, ಕಲಕತ್ತೆಗಳ ನಡುವೆ ಸಿಪಾಯಿ, ಮದ್ದುಗುಂಡು, ಹಣಗಳು ತಡೆಯಿಲ್ಲದೆ ಹಡಗಿನಲ್ಲಿ ಸಾಗುತ್ತಿದ್ದವು.

ಅದರ ಫಲ ನಮ್ಮ ಸೀಮೆಗೇ ತಟ್ಟಿತು. ಏರಲಾಗದ ಬೆಟ್ಟವೆಂದು ಹೆಸರಾಗಿದ್ದ ಮಾಗಡಿಯ ಸಾವನದುರ್ಗವು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತಿತು. ಟಿಪ್ಪು ಸುಲ್ತಾನನು 1796ರಲ್ಲಿ ನಲವತ್ತು ಯುದ್ಧನೌಕೆಗಳ ದೊಡ್ಡ ಯೋಜನೆಯನ್ನು ಸಿದ್ಧಪಡಿಸಿದನಾದರೂ ಕಾಲ ಮಿಂಚಿತ್ತು. 1799ರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು. ಕ್ಲೋಸ್‌ಪೇಟೆ ಎಂಬ ಹೆಸರು ಬಂದುದು ಆ ಬಳಿಕ.

ಸ್ವತಂತ್ರ ರಾಷ್ಟ್ರದ ನೌಕಾಪಡೆ

ಬ್ರಿಟಿಷರ ಕಾಲದ ನೌಕಾಪಡೆಯಲ್ಲಿ ಭಾರತೀಯ ನಾವಿಕರು ದುಡಿದರೂ ಅಧಿಕಾರ ಪರರದಾಗಿತ್ತು. ಕೆಟ್ಟ ಊಟ, ಅವಮಾನದ ಮಾತುಗಳನ್ನು ತಾಳಲಾರದೆ 1946ರ ಫೆಬ್ರವರಿಯಲ್ಲಿ ಮುಂಬಯಿಯ ನಾವಿಕರು ಬಂಡೆದ್ದರು. ಆ ಕಿಚ್ಚು ಕರಾಚಿಯವರೆಗೂ ಹಬ್ಬಿ ಆಳರಸರನ್ನು ನಡುಗಿಸಿತು. 1950ರ ಜನವರಿ 26ರಂದು ಈ ಪಡೆಯ ಹೆಸರಿನಿಂದ ರಾಜಮನೆತನದ ವಿಶೇಷಣ ಕಳಚಿ, ಅದು ಭಾರತೀಯ ನೌಕಾಪಡೆಯೆನಿಸಿತು. ವರುಣನ ಅನುಗ್ರಹವನ್ನು ಬೇಡುವ ಉಪನಿಷತ್ತಿನ ವಾಕ್ಯ ಅದರ ಧ್ಯೇಯವಾಕ್ಯವಾಯಿತು.

ಕಾರವಾರದೆದುರಿಗೆ ಅಂಜದೀವ ಎಂಬ ಪುಟ್ಟ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮನು ಮರಳುವಾಗ ತಂಗಿದ್ದ ದ್ವೀಪವದು. ಮುಂದೆ ಪೋರ್ಚುಗೀಸರ ನೆಲೆಯಾಗಿ, ನಾಡು ಸ್ವತಂತ್ರವಾದ ಮೇಲೂ ಅವರ ಕೈಯಲ್ಲೇ ಉಳಿದಿತ್ತು. 1961ರ ಡಿಸೆಂಬರಿನ ಗೋವಾ ವಿಮೋಚನೆಯಲ್ಲಿ ನಮ್ಮ ನಾವಿಕರು ಅಲ್ಲಿ ಇಳಿದು, ಪ್ರಾಣವಿತ್ತು ಅದನ್ನು ಗೆದ್ದುಕೊಂಡರು. ಶಿವಪ್ಪನಾಯಕನು ನೆಲದ ಮೇಲೆ ಆರಂಭಿಸಿದ ಕೆಲಸ ಹೀಗೆ ಮೂರು ಶತಮಾನಗಳ ಬಳಿಕ ಕಡಲಿನ ಮೇಲೆ ಪೂರ್ಣಗೊಂಡಿತು.

ಹತ್ತು ವರ್ಷಗಳ ತರುವಾಯ, 1971ರ ಡಿಸೆಂಬರ್ 4ರ ರಾತ್ರಿ, ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿಯಿಟ್ಟು ಶತ್ರುನೌಕೆಗಳನ್ನು ಮುಳುಗಿಸಿದವು. ನೌಕಾಪಡೆಯ ದಿನಾಚರಣೆ ಅದರ ನೆನಪಿಗೆ. ಆದರೆ ಅದೇ ಯುದ್ಧದ ಡಿಸೆಂಬರ್ 9ರ ರಾತ್ರಿಯನ್ನೂ ಮರೆಯಬಾರದು. ಅಂದು ದೀವ್ ಬಳಿ ಖುಕ್ರಿ ನೌಕೆಯು ಜಲಾಂತರ್ಗಾಮಿಯ ಏಟಿಗೆ ಮುಳುಗಿ, 18 ಅಧಿಕಾರಿಗಳು ಮತ್ತು 176 ನಾವಿಕರು ಜಲಸಮಾಧಿಯಾದರು. ತಮ್ಮವರು ಪಾರಾಗಲೆಂದು ಶ್ರಮಿಸಿ, ತಾವು ಮಾತ್ರ ಹಡಗನ್ನು ಬಿಡದೆ ಅದರೊಡನೆಯೇ ಇಳಿದುಹೋದವರು ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ.

ಕಾರವಾರದ ನೆಲೆ, ಕಾರವಾರದ ತ್ಯಾಗ

ಆ ಯುದ್ಧದ ಅನುಭವದ ಮೇಲೆ, ಮುಂಬಯಿಯ ಇಕ್ಕಟ್ಟಿನ ಬಂದರಿನಾಚೆಗೆ ಇನ್ನೊಂದು ನೆಲೆ ಬೇಕೆಂಬ ಯೋಚನೆ ಬಲವಾಯಿತು. 1980ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಅವರ ಕಣ್ಣು ಕಾರವಾರದ ಮೇಲೆ ಬಿತ್ತು. ಹಿಂದೆ ಬೆಟ್ಟ, ಮುಂದೆ ದ್ವೀಪ, ನಡುವೆ ಆಳವಾದ ನೀರು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲನ್ನಿಟ್ಟರು. ಹಣದ ಅಭಾವದಿಂದ ಕುಂಟುತ್ತ ಸಾಗಿದ ಕೆಲಸ 2005ರ ಮೇ 31ರಂದು ಒಂದು ಘಟ್ಟ ತಲುಪಿ, ನೆಲೆಯು ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಕನ್ನಡದ ಮೊದಲ ಅರಸುಮನೆತನದ ಹೆಸರು ಅದಕ್ಕೆ ದೊರೆತುದು ಉಚಿತವೇ ಆಗಿದೆ. ಹತ್ತು ಸಾವಿರ ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ ದಡಕ್ಕೆ ಸಾಗಿಸಿ ದುರಸ್ತಿಮಾಡುವ ಏರ್ಪಾಡು ಅಲ್ಲಿದೆ.

ಈ ನೆಲೆಯನ್ನು ಹೊಗಳುವಾಗ ಒಂದು ಮಾತನ್ನು ಹೇಳದಿರುವುದು ಅಧರ್ಮವಾದೀತು. ಕಾರವಾರ, ಅಂಕೋಲೆ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಇದಕ್ಕಾಗಿ ಮನೆ, ಗದ್ದೆ, ತೆಂಗಿನತೋಟ, ದೇವಸ್ಥಾನ, ದೋಣಿಯಿಳಿಸುವ ದಡಗಳನ್ನು ಬಿಟ್ಟು ಹೋದವು. ಅವರಲ್ಲಿ ಎಷ್ಟೋ ಮಂದಿ ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿದರು. ತೀರ್ಪು ಬರುವ ಮೊದಲೇ ಕಣ್ಮುಚ್ಚಿದ ಹಿರಿಯರೂ ಇದ್ದಾರೆ. ಮೀನುಗಾರನನ್ನು ಕಡಲಿನಿಂದ ಬೇರ್ಪಡಿಸಿದರೆ ಅವನ ಕಾಯಕವನ್ನೇ ಕಿತ್ತುಕೊಂಡಂತೆ. ನಾಡಿನ ರಕ್ಷಣೆಗೆ ಯುದ್ಧಭೂಮಿಯಲ್ಲಿ ಪ್ರಾಣ ಕೊಟ್ಟವರು ಒಂದು ಬಗೆಯ ವೀರರಾದರೆ, ಬದುಕಿದ್ದೂ ನೆಲೆ ಕೊಟ್ಟವರು ಇನ್ನೊಂದು ಬಗೆಯವರು. ಇವರ ಋಣವನ್ನು ತಡಮಾಡದೆ ತೀರಿಸುವುದು ರಾಷ್ಟ್ರದ ಹೊಣೆ. ರಕ್ಷಣೆಯ ನೆರಳಿನಲ್ಲಿ ಬಾಳುವ ನಾವೆಲ್ಲರೂ ಆ ಹೊಣೆಯಲ್ಲಿ ಪಾಲುದಾರರು.

ಶಾಂತಿಕಾಲದ ಕಾಯಕ

ನೌಕಾಪಡೆಯೆಂದರೆ ಯುದ್ಧವೊಂದೇ ಅಲ್ಲ. ನಮ್ಮ ದೇಶದ ಹೊರವ್ಯಾಪಾರದಲ್ಲಿ ಪ್ರಮಾಣದ ಲೆಕ್ಕದಲ್ಲಿ ಶೇಕಡಾ 95ರಷ್ಟು ಸಾಗುವುದು ಕಡಲಿನ ಮೇಲೆ. ನಮ್ಮ ಹೊಲಗಳಿಗೆ ಹಾಕುವ ಪೊಟ್ಯಾಷ್ ಗೊಬ್ಬರ, ಬಂಡಿಗಳಿಗೆ ಬೇಕಾದ ಕಚ್ಚಾತೈಲ, ಒಗ್ಗರಣೆಯ ತಾಳೆಯೆಣ್ಣೆ ಹಡಗಿನಲ್ಲಿ ಬರುತ್ತವೆ. ಚೀನಾದ ರೇಷ್ಮೆಯ ಹಡಗು ದಡ ಮುಟ್ಟಿದರೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದರ ಏರುಪೇರಾಗುವುದನ್ನು ನಮ್ಮ ರೈತರು ಬಲ್ಲರು. ಚನ್ನಪಟ್ಟಣದ ಅರಗಿನ ಬೊಂಬೆಗಳೂ ಹೊರದೇಶಗಳ ಮಕ್ಕಳ ಕೈ ಸೇರುತ್ತವೆ. ಕಡಲ ದಾರಿ ಕೆಟ್ಟರೆ ಬೆಲೆಯೇರುವುದು ನಮ್ಮ ಸಂತೆಯಲ್ಲೇ.

ಈ ದಾರಿಯನ್ನು ಕಾಯಲೆಂದೇ 2008ರಿಂದ ನಮ್ಮ ಯುದ್ಧನೌಕೆಗಳು ಏಡನ್ ಕೊಲ್ಲಿಯಲ್ಲಿ ಕಾವಲಿವೆ. 2024ರ ಮಾರ್ಚಿನಲ್ಲಿ ರುವೆನ್ ಎಂಬ ಸರಕುಹಡಗನ್ನು ಮುತ್ತಿ 35 ಕಡಲ್ಗಳ್ಳರನ್ನು ಸೆರೆಹಿಡಿದು, 17 ಮಂದಿ ಒತ್ತೆಯಾಳುಗಳನ್ನು ಬಿಡಿಸಿದರು. ಆ ಹದಿನೇಳು ಮಂದಿಯಲ್ಲಿ ಯಾರೂ ಭಾರತೀಯರಾಗಿರಲಿಲ್ಲ. ಆದರೂ ನಮ್ಮವರು ಪ್ರಾಣದ ಹಂಗು ತೊರೆದರು. 2004ರ ಸುನಾಮಿಯಲ್ಲಿ ನೆರೆದೇಶಗಳಿಗೂ ನೆರವು ಮುಟ್ಟಿಸಿದರು. 2015ರಲ್ಲಿ ಯೆಮೆನಿನ ಯುದ್ಧದ ನಡುವಿನಿಂದ ಜನರನ್ನು ಕರೆತಂದರು. ಮಹಾಮಾರಿಯ 2020ರಲ್ಲಿ ಮಾಲ್ಡೀವ್ಸ್, ಶ್ರೀಲಂಕಾ, ಇರಾನ್‌ಗಳಿಂದ 3,992 ಭಾರತೀಯರನ್ನು ಮನೆ ಸೇರಿಸಿದರು. ಕಷ್ಟದಲ್ಲಿರುವವನ ಕುಲವನ್ನು ಕೇಳದೆ ಕೈಹಿಡಿಯುವುದೇ ದಾಸೋಹವಾದರೆ, ಇದೂ ದಾಸೋಹವೇ.

ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರು ಶರಣರ ಸಾಲಿನಲ್ಲಿ ತಲೆಯೆತ್ತಿ ನಿಂತರು. ಹುಟ್ಟು ಹಾಕುವ ಕೈ ಪೂಜೆಯ ಕೈಗಿಂತ ಕೀಳಲ್ಲವೆಂದು ಅವರ ಬದುಕು ತೋರಿಸಿತು. ಮಾಗಡಿಯ ವೀರಾಪುರದಲ್ಲಿ ಜನಿಸಿ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನಿತ್ತ ಶ್ರೀ ಶಿವಕುಮಾರ ಸ್ವಾಮಿಗಳು ನೂರು ವರುಷ ಮೀರಿದ ಬಾಳಿನಲ್ಲಿ ಅದೇ ಕಾಯಕತತ್ತ್ವವನ್ನು ಬೋಧಿಸಿದರು. ನಮ್ಮ ಮಕ್ಕಳು ವೈದ್ಯರೂ ಇಂಜಿನಿಯರರೂ ಆಗಲೆಂದು ಬಯಸುವುದು ತಪ್ಪಲ್ಲ. ಆದರೆ ಕಡಲ ಕಾಯಕದ ಹೆಸರನ್ನೂ ಅವರ ಕಿವಿಗೆ ಹಾಕೋಣ. ಎನ್‌ಸಿಸಿಯಲ್ಲಿ ನೌಕಾ ವಿಭಾಗವಿದೆ. ನಾವಿಕರ ತರಬೇತಿಗೆ ಒಡಿಶಾದ ಚಿಲ್ಕಾ, ಅಧಿಕಾರಿಗಳಿಗೆ ಕೇರಳದ ಎಳಿಮಲ ಇವೆ. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಂಡಲವನ್ನೇ ಸುತ್ತಿ ಬಂದರು.

ಗೋಕರ್ಣ, ಮುರುಡೇಶ್ವರಗಳ ಯಾತ್ರೆಗೆ ಹೋಗುವ ಕುಟುಂಬಗಳು ಕಾರವಾರದವರೆಗೂ ಮುಂದುವರಿಯಲಿ. ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಎಂಬ ಹಳೆಯ ಕ್ಷಿಪಣಿ ದೋಣಿಯೊಳಗೆ ಮಕ್ಕಳನ್ನು ಕರೆದೊಯ್ದು, ಅಷ್ಟು ಇಕ್ಕಟ್ಟಿನಲ್ಲಿ ಮನುಷ್ಯರು ಹೇಗೆ ಬದುಕಿ ಹೋರಾಡಿದರೆಂದು ತೋರಿಸಲಿ. ಹಾಗೆಯೇ ಆ ಸೀಮೆಯಲ್ಲಿ ನೆಲೆ ಕಳೆದುಕೊಂಡವರ ಕಥೆಯನ್ನೂ ಹೇಳಲಿ. ಬರುವ ಡಿಸೆಂಬರ್ 4ರ ಸಂಜೆ ಇಷ್ಟಲಿಂಗ ಪೂಜೆಯ ವೇಳೆ, ದಡ ಕಾಣದ ಕತ್ತಲೆಯಲ್ಲಿ ಎಚ್ಚರವಾಗಿರುವ ನಾವಿಕರನ್ನೂ, ದಡವನ್ನೇ ಬಿಟ್ಟುಕೊಟ್ಟ ಆ ಕುಟುಂಬಗಳನ್ನೂ ನೆನೆಯೋಣ.